ಕಲ್ಲು ಒಡೆದ ಅಲೆ ಮಂಡಿಗೆ ಬಂದ ದಾರಿ

ಮಂಡಿ ಸವೆತಕ್ಕೆ ‘ಷಾಕ್‌ವೇವ್’ ಮಾಡಿಸಿ ನೋಡಿ ಎಂದು ಯಾರಾದರೂ ಹೇಳಿದರೆ, ಅರವತ್ತು ದಾಟಿದ ಬಹಳ ಜನರಿಗೆ ಮೊದಲು ನೆನಪಾಗುವುದು ಕರೆಂಟು. ಈ ವಯಸ್ಸಿನಲ್ಲಿ ಷಾಕ್ ಹೊಡೆಸಿಕೊಳ್ಳುವುದೇ ಎಂದು ಗಾಬರಿಯಾಗುವವರಿದ್ದಾರೆ. ಗಾಬರಿಗೆ ಕಾರಣ ಶಬ್ದದಲ್ಲೇ ಇದೆ. ಇಂಗ್ಲಿಷಿನ ‘ಷಾಕ್’ ಹದಿನಾರನೆಯ ಶತಮಾನದಲ್ಲಿ ಎದುರುಬದುರಾದ ಎರಡು ಸೈನ್ಯಗಳ ಡಿಕ್ಕಿಗೆ ಇದ್ದ ಹೆಸರು. ವಿದ್ಯುತ್ತಿನ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಜರ್ಮನರು ಇದೇ ಅಲೆಯನ್ನು ‘ಷ್ಟೋಸ್‌ವೆಲ್ಲೆ’ ಎನ್ನುತ್ತಾರೆ. ‘ಷ್ಟೋಸ್’ ಎಂದರೆ ನೂಕು, ಗುದ್ದು. ಕನ್ನಡದ ‘ಆಘಾತ ತರಂಗ’ದಲ್ಲಿರುವ ಆಘಾತವೂ ಹೊಡೆತ ಎಂಬ ಅರ್ಥದ್ದೇ. ಆದರೆ ವಿದ್ಯುದಾಘಾತ, ಹೃದಯಾಘಾತಗಳ ಸಹವಾಸದಲ್ಲಿ ಆ ಪದವೂ ಸುದ್ದಿಯ ತಲೆಬರಹವಾಗಿ, ಕೇಳಿದರೆ ಎದೆ ಧಸಕ್ಕೆನ್ನುವಂತಾಗಿದೆ.

ಮಂಡಿಗೆ ಕೊಡುವ ಈ ಚಿಕಿತ್ಸೆಯಲ್ಲಿ ಕರೆಂಟು ಮೈಗೆ ಹರಿಯುವುದಿಲ್ಲ. ಒಳಗೆ ಹೋಗುವುದು ಒತ್ತಡದ ಒಂದು ಅಲೆ. ಈ ಅಲೆ ಬಂದೂಕಿನ ಗುಂಡಿನಿಂದ ಹೊರಟು, ಯುದ್ಧವಿಮಾನದ ಮೂಗು, ಮೂತ್ರಪಿಂಡದ ಕಲ್ಲು, ಕೂಡದ ಮೂಳೆ, ಹಿಮ್ಮಡಿ, ಕುದುರೆಯ ಕಾಲು ಇಷ್ಟನ್ನೂ ದಾಟಿ ಮನುಷ್ಯನ ಮಂಡಿಗೆ ಬಂದು ನಿಂತಿದೆ. ದಾರಿಯ ಪ್ರತಿ ತಿರುವಿನಲ್ಲೂ ಅಲೆಯ ಹೆಸರು ಅದೇ ಉಳಿಯಿತು. ಅದು ಕೆಲಸ ಮಾಡಿತು ಎನ್ನಲು ಬೇಕಾದ ಸಾಕ್ಷಿ ಮಾತ್ರ ಬದಲಾಗುತ್ತ ಹೋಯಿತು. ಇವತ್ತು ಒಂದೊಂದು ಸಿಟ್ಟಿಂಗ್‌ಗೂ ಹಣ ಎಣಿಸಿ ಕೊಡುವವರು ತಿಳಿದಿರಬೇಕಾದ ಸಂಗತಿ ಅದು.

ಗುಂಡು ಮತ್ತು ಮಳೆಹನಿ

1886ರಲ್ಲಿ ಏಡ್ರಿಯಾಟಿಕ್ ಕಡಲ ತೀರದ ಫಿಯುಮೆ ಎಂಬ ಬಂದರಿನಲ್ಲಿ ಪೀಟರ್ ಜಾಲ್ಖರ್ ಎಂಬ ಭೌತಶಾಸ್ತ್ರಜ್ಞ ಹಾರುವ ಗುಂಡಿನ ಫೋಟೊ ತೆಗೆದ. ಹಾಗೆ ತೆಗೆಯಬಹುದೆಂದು ಸೂಚಿಸಿದ್ದವನು ಪ್ರಾಗ್‌ನಲ್ಲಿದ್ದ ಅರ್ನ್ಸ್ಟ್ ಮಾಖ್. ಮರುವರ್ಷ ಇಬ್ಬರೂ ಸೇರಿ ಪ್ರಕಟಿಸಿದ ಚಿತ್ರಗಳಲ್ಲಿ ಗುಂಡಿನ ಮುಂದೆ ದೋಣಿಯ ಮೂಗಿನೆದುರು ನೀರು ಏಳುವಂತೆ ಗಾಳಿಯ ಒಂದು ಏಣು ಕಾಣುತ್ತಿತ್ತು. ಶಬ್ದಕ್ಕಿಂತ ವೇಗವಾಗಿ ಹೋಗುವ ವಸ್ತುವಿಗೆ ಗಾಳಿ ಸರಿದು ದಾರಿ ಬಿಡಲು ಪುರಸೊತ್ತಿರುವುದಿಲ್ಲ. ಅದು ಒಂದೇ ಏಟಿಗೆ ಒತ್ತಿಕೊಂಡು ತೆಳುವಾದ, ಚೂಪಾದ ಗೋಡೆಯಾಗುತ್ತದೆ. ಆಘಾತ ತರಂಗ ಎಂದರೆ ಇದೇ. ಸಾಮಾನ್ಯ ಧ್ವನಿಯಲ್ಲಿ ಒತ್ತಡ ಅಲೆಅಲೆಯಾಗಿ ಏರಿ ಇಳಿಯುತ್ತದೆ. ಇಲ್ಲಿ ಅದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಹೊತ್ತಿನಲ್ಲಿ ತುದಿ ಮುಟ್ಟಿ, ಮರುಕ್ಷಣ ಕುಸಿಯುತ್ತದೆ.

ಈ ಅಲೆ ಮೈಯೊಳಗೆ ಏನು ಮಾಡಬಲ್ಲದು ಎಂಬುದು ಮೊದಲು ಗೊತ್ತಾದದ್ದು ಕೆಟ್ಟ ರೀತಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹಡಗು ಮುಳುಗಿ ನೀರಿಗೆ ಬಿದ್ದ ನಾವಿಕರ ಹತ್ತಿರ ಜಲಾಂತರ್ಗಾಮಿ ನಾಶಕ ಬಾಂಬುಗಳು ಸಿಡಿದಾಗ, ಮೈಮೇಲೆ ಒಂದು ಗೀರೂ ಇಲ್ಲದೆ ಅವರ ಶ್ವಾಸಕೋಶ, ಕರುಳುಗಳು ಹರಿದುಹೋಗುತ್ತಿದ್ದವು. ನಮ್ಮ ಸ್ನಾಯು, ಚರ್ಮಗಳು ಬಹುಮಟ್ಟಿಗೆ ನೀರೇ ಆದ್ದರಿಂದ ನೀರಿನ ಅಲೆ ತಡೆಯಿಲ್ಲದೆ ಒಳಗೆ ನುಗ್ಗುತ್ತದೆ. ಗಾಳಿ ತುಂಬಿದ ಕಡೆ ನೀರು ಮತ್ತು ಗಾಳಿಯ ಗಡಿ ಸಿಕ್ಕಾಗ ಅದರ ಶಕ್ತಿ ಅಲ್ಲೇ ಸಿಡಿಯುತ್ತದೆ. ನೀರಿನ ಮೂಲಕ ಸಲೀಸಾಗಿ ಸಾಗಿ ಗಡಿಯಲ್ಲಿ ಹೊಡೆಯುವ ಈ ಗುಣವನ್ನು ಮುಂದೆ ವೈದ್ಯರು ಬಳಸಿಕೊಂಡರು.

ಅದಕ್ಕೆ ಮುಂಚೆ ಒಂದು ವಿಮಾನ ಕಂಪನಿ ಬರಬೇಕಾಯಿತು. ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್‌ನ ಡಾರ್ನಿಯರ್ ಕಂಪನಿಗೆ 1960ರ ದಶಕದಲ್ಲಿ ಇದ್ದ ತಲೆನೋವು ಮಳೆ. ಶಬ್ದದ ವೇಗ ಮೀರಿ ಹಾರುವ ವಿಮಾನಕ್ಕೆ ಬಡಿಯುವ ಒಂದೊಂದು ಹನಿಯೂ ಲೋಹದೊಳಗೆ ಆಘಾತ ತರಂಗ ಎಬ್ಬಿಸಿ, ಹೊಡೆತ ಬಿದ್ದ ಜಾಗಕ್ಕಿಂತ ಒಳಗೆ ಪೆಟ್ಟು ಮಾಡುತ್ತಿತ್ತು. ಅದನ್ನು ಅಭ್ಯಾಸ ಮಾಡಲು ಪ್ರಯೋಗಾಲಯದಲ್ಲಿ ಅತಿವೇಗದ ಗುಂಡುಗಳನ್ನು ಫಲಕಕ್ಕೆ ಹೊಡೆಯುತ್ತಿದ್ದರು. 1966ರಲ್ಲಿ ಗುಂಡು ಬಡಿದ ಗಳಿಗೆಯಲ್ಲೇ ಫಲಕ ಮುಟ್ಟಿಕೊಂಡಿದ್ದ ನೌಕರನೊಬ್ಬನಿಗೆ ಕರೆಂಟು ಹೊಡೆದಂತಾಯಿತು, ಅಳೆದು ನೋಡಿದರೆ ವಿದ್ಯುತ್ತು ಇರಲೇ ಇಲ್ಲ ಎಂಬ ಕತೆಯನ್ನು ಈ ಚಿಕಿತ್ಸೆಯ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಅಜ್ಜಿಯರ ಕರೆಂಟಿನ ಭಯ ಅಷ್ಟೇನೂ ಆಧಾರವಿಲ್ಲದ್ದಲ್ಲ. ಮೊದಲ ಬಾರಿ ಈ ಅಲೆ ಕೈಗೆ ತಾಗಿದಾಗ ಇಂಜಿನಿಯರರ ಊರಿನಲ್ಲೂ ಅದು ಕರೆಂಟೆಂದೇ ಅನ್ನಿಸಿತ್ತು.

ಮ್ಯೂನಿಕ್‌ನ ನೀರಿನ ತೊಟ್ಟಿ

ಮೈ ಕೊಯ್ಯದೆ ಒಳಗಿನ ಗಟ್ಟಿ ವಸ್ತುವಿಗೆ ಹೊಡೆಯಬಹುದು ಎಂದ ಮೇಲೆ ಮೂತ್ರಪಿಂಡದ ಕಲ್ಲು ನೆನಪಾಗುವುದು ಸಹಜ. 1970ರ ದಶಕದ ಮೊದಲಲ್ಲಿ ಪ್ರಯೋಗಾಲಯದ ನೀರಿನಲ್ಲಿಟ್ಟ ಕಲ್ಲನ್ನು ಮುಟ್ಟದೆಯೇ ಒಡೆದು ತೋರಿಸಲಾಯಿತು. ಆಮೇಲೆ ಜರ್ಮನ್ ಸರ್ಕಾರದ ಹಣದಲ್ಲಿ ಡಾರ್ನಿಯರ್‌ನ ಇಂಜಿನಿಯರರೂ ಮ್ಯೂನಿಕ್‌ನ ವೈದ್ಯರೂ ವರ್ಷಗಟ್ಟಲೆ ಪ್ರಾಣಿಗಳ ಮೇಲೆ ಕೆಲಸ ಮಾಡಿದರು. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಷೌಸಿ ಮತ್ತು ಸಂಗಡಿಗರು ಮೊದಲ ಬಾರಿ ಮನುಷ್ಯರೊಬ್ಬರಿಗೆ ಈ ಚಿಕಿತ್ಸೆ ಕೊಟ್ಟರು.

ಅರಿವಳಿಕೆ ಕೊಟ್ಟ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಿದ್ದರು. ಕೆಳಗೆ ಅರ್ಧ ಮೊಟ್ಟೆಯ ಚಿಪ್ಪಿನಂಥ ಲೋಹದ ಬೋಗುಣಿ. ಅದರ ಒಂದು ನಾಭಿಯಲ್ಲಿ ಕಿಡಿ ಹಾರಿದರೆ ನೀರು ಸಿಡಿದು ಅಲೆ ಏಳುತ್ತದೆ. ಚಿಪ್ಪಿನ ಗೋಡೆಗೆ ಬಡಿದ ಅಲೆಯೆಲ್ಲ ತಿರುಗಿ ಎರಡನೆಯ ನಾಭಿಯಲ್ಲಿ ಕೂಡುತ್ತದೆ. ಎಕ್ಸ್‌ರೇ ನೋಡಿಕೊಂಡು ಆ ಎರಡನೆಯ ನಾಭಿಗೆ ಸರಿಯಾಗಿ ಕಲ್ಲು ಬರುವಂತೆ ರೋಗಿಯನ್ನು ಅತ್ತಿತ್ತ ಸರಿಸುತ್ತಿದ್ದರು. ನೂರಾರು ಕಿಡಿಗಳಾದ ಮೇಲೆ ಕಲ್ಲು ಮರಳಾಗಿ ಮೂತ್ರದಲ್ಲಿ ಹೋಗುತ್ತಿತ್ತು. ಅದೇ ವರ್ಷದ ಕೊನೆಗೆ ವಿಷಯ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. 1984ರ ಡಿಸೆಂಬರಿನಲ್ಲಿ ಡಾರ್ನಿಯರ್‌ನ ಎಚ್‌ಎಂ3 ಯಂತ್ರಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಪಕ್ಕೆ ಸೀಳಿ ಮಾಡುತ್ತಿದ್ದ ಶಸ್ತ್ರಕ್ರಿಯೆ ಕೆಲವೇ ವರ್ಷಗಳಲ್ಲಿ ಅಪರೂಪವಾಯಿತು.

ಇಲ್ಲಿ ಸಾಕ್ಷಿಗೆ ಏನೂ ಕಷ್ಟವಿರಲಿಲ್ಲ. ಮುಂಚಿನ ಎಕ್ಸ್‌ರೇಯಲ್ಲಿ ಕಲ್ಲಿತ್ತು, ಆಮೇಲಿನದರಲ್ಲಿ ಇರಲಿಲ್ಲ. ರೋಗಿಯ ನಂಬಿಕೆ, ವೈದ್ಯರ ಉತ್ಸಾಹ, ಯಂತ್ರದ ಗಾತ್ರ ಇವುಗಳಿಂದ ಕಲ್ಲು ಕರಗುವುದಿಲ್ಲ. ಆಘಾತ ತರಂಗಕ್ಕೆ ವೈದ್ಯಲೋಕದಲ್ಲಿ ಇವತ್ತಿರುವ ಮರ್ಯಾದೆಯ ದೊಡ್ಡ ಪಾಲು ಆ ಎರಡು ಎಕ್ಸ್‌ರೇಗಳ ಸಂಪಾದನೆ.

ವಿಮಾನದ ಲೆಕ್ಕಕ್ಕೆಂದು ಶುರುವಾದ ವಿದ್ಯೆ ಜೀವಶಾಸ್ತ್ರದ ಬಾಗಿಲು ತಟ್ಟಿದ ಇನ್ನೊಂದು ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ವಿಭಾಗದ ಜಿ. ಜಗದೀಶ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ದೀಪ್ಶಿಖಾ ಚಕ್ರವರ್ತಿ ಅವರ ತಂಡ ಪುಟ್ಟ ಆಘಾತ ತರಂಗದ ನೆರವಿನಿಂದ ಸೂಜಿಯಿಲ್ಲದೆ ಇಲಿಗಳಿಗೆ ಲಸಿಕೆ ಹಾಕಿದ್ದನ್ನು 2011ರಲ್ಲಿ ಪ್ರಕಟಿಸಿತು. ಅಲ್ಲೂ ಫಲಿತಾಂಶವನ್ನು ಅಳೆಯಬಹುದಿತ್ತು: ಇಲಿಗೆ ರೋಗನಿರೋಧಕ ಶಕ್ತಿ ಬಂತೋ ಇಲ್ಲವೋ.

ಒಡೆಯುವುದರಿಂದ ಕೂಡಿಸುವುದಕ್ಕೆ

ಕಲ್ಲು ಕೆಲವೊಮ್ಮೆ ಮೂತ್ರನಾಳದ ಕೆಳಗೆ, ಸೊಂಟದ ಮೂಳೆಯ ಹತ್ತಿರ ಸಿಕ್ಕಿಕೊಂಡಿರುತ್ತದೆ. ಅಲ್ಲಿಗೆ ಅಲೆ ಹೊಡೆದರೆ ಮೂಳೆಗೆ ಹಾನಿಯಾದೀತೇ ಎಂಬ ಚಿಂತೆಯಿಂದ 1980ರ ದಶಕದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆದವು. ಹಾನಿಯನ್ನು ಹುಡುಕಲು ಹೋದವರಿಗೆ ಸಿಕ್ಕಿದ್ದು ಹೊಸ ಮೂಳೆ ಕಟ್ಟುವ ಜೀವಕೋಶಗಳ ಚಟುವಟಿಕೆ. ಇದೇ ಎಳೆ ಹಿಡಿದು ಬಲ್ಗೇರಿಯಾದ ವಾಲ್ಚನೋವ್ ಮತ್ತು ಮಿಖೈಲೋವ್, ಮುರಿದು ಬಹಳ ಕಾಲವಾದರೂ ಕೂಡದ ಮೂಳೆಗಳಿಗೆ ಈ ಅಲೆ ಕೊಟ್ಟರು. 82 ರೋಗಿಗಳಲ್ಲಿ 70 ಮಂದಿಯ ಮೂಳೆ ಕೂಡಿತು ಎಂದು 1991ರಲ್ಲಿ ವರದಿ ಮಾಡಿದರು.

ಒಡೆಯುವ ಯಂತ್ರ ಕೂಡಿಸುವ ಯಂತ್ರವಾದದ್ದು ಹೀಗೆ. ಸಣ್ಣ ಪೆಟ್ಟಿಗೆ ಮೈ ರಿಪೇರಿಯ ಕೆಲಸ ಶುರುಮಾಡುತ್ತದೆ, ಹೊಸ ರಕ್ತನಾಳಗಳು ಚಿಗುರುತ್ತವೆ ಎಂಬ ವಿವರಣೆ ಬಂತು. ಆದರೆ ಸಾಕ್ಷಿ ಆಗಲೇ ಒಂದು ಮೆಟ್ಟಿಲು ಇಳಿದಿತ್ತು. ಕೂಡಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ನಿಜ. ಅಲೆ ಕೊಡದೆ ಹಾಗೇ ಬಿಟ್ಟಿದ್ದರೆ ಎಷ್ಟು ಮೂಳೆ ಕೂಡುತ್ತಿತ್ತು ಎಂದು ಹೇಳಲು ಹೋಲಿಕೆಯ ಇನ್ನೊಂದು ಗುಂಪು ಬೇಕು. ಕಲ್ಲಿನ ವಿಚಾರದಲ್ಲಿ ಆ ಪ್ರಶ್ನೆ ಇಷ್ಟು ಜೋರಾಗಿ ಏಳುತ್ತಿರಲಿಲ್ಲ.

ಹಿಮ್ಮಡಿಯ ವ್ಯಾಜ್ಯ

1990ರ ದಶಕದಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಅಲೆ ಮೂಳೆಯಿಂದ ಸ್ನಾಯುರಜ್ಜುಗಳ ಕಡೆಗೆ ಹೊರಳಿತು. ಭುಜದಲ್ಲಿ ಕಟ್ಟಿಕೊಂಡ ಸುಣ್ಣ, ಮೊಣಕೈಯ ‘ಟೆನ್ನಿಸ್ ಎಲ್ಬೊ’, ಬೆಳಗ್ಗೆ ಕಾಲೂರಿದಾಗ ಚುಚ್ಚುವ ಹಿಮ್ಮಡಿ. ಅಮೆರಿಕದಲ್ಲಿ ಒಸಾಟ್ರಾನ್ ಎಂಬ ಯಂತ್ರಕ್ಕೆ 2000ದಲ್ಲಿ ಹಿಮ್ಮಡಿ ನೋವಿಗಾಗಿ ಒಪ್ಪಿಗೆ ಸಿಕ್ಕಿತು. ಈಗ ಗುರಿ ಕಲ್ಲೂ ಅಲ್ಲ, ಮೂಳೆಯ ಬಿರುಕೂ ಅಲ್ಲ, ನೋವು. ನೋವಿಗೆ ಎಕ್ಸ್‌ರೇ ಇಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ರೋಗಿಯೇ ಹೇಳಬೇಕು.

ಆದ್ದರಿಂದ ಸುಳ್ಳು ಚಿಕಿತ್ಸೆಯ ಜೊತೆ ಹೋಲಿಸಿ ನೋಡುವ ಪರೀಕ್ಷೆಗಳು ಬಂದವು. ಒಂದು ಗುಂಪಿಗೆ ನಿಜವಾದ ಅಲೆ. ಇನ್ನೊಂದು ಗುಂಪಿಗೂ ಅದೇ ಯಂತ್ರ, ಅದೇ ಟಕ್‌ಟಕ್ ಸದ್ದು, ಆದರೆ ಅಲೆ ಒಳಗೆ ಹೋಗದಂತೆ ಅಥವಾ ನಾಮಮಾತ್ರಕ್ಕೆ ಹೋಗುವಂತೆ ಏರ್ಪಾಡು. ಆಸ್ಟ್ರೇಲಿಯಾದಲ್ಲಿ 166 ಹಿಮ್ಮಡಿ ರೋಗಿಗಳ ಮೇಲೆ ನಡೆದ ಇಂಥ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳ ನೋವು ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಮರುವರ್ಷ ಜರ್ಮನಿಯಲ್ಲೇ, 272 ಜನರ ಪರೀಕ್ಷೆಯಲ್ಲಿ, ನಿಜವಾದ ಅಲೆ ಪಡೆದವರಲ್ಲಿ ಶೇ. 34 ಮಂದಿಗೆ ಗುಣ ಕಂಡರೆ, ಸುಳ್ಳು ಅಲೆ ಪಡೆದವರಲ್ಲೂ ಶೇ. 30 ಮಂದಿಗೆ ಗುಣ ಕಂಡಿತು.

ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಜರ್ಮನ್ ಪರೀಕ್ಷೆಯಲ್ಲಿ ಹಿಮ್ಮಡಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು, ಅದೇ ಅಲೆಯ ಕೆಲಸವನ್ನು ಕೆಡಿಸಿತು ಎಂದು ಪರವಾದವರು ವಾದಿಸಿದರು. 2015ರಲ್ಲಿ ಪ್ರಕಟವಾದ, ಸುಮಾರು 250 ಜನರ ಮತ್ತೊಂದು ಪರೀಕ್ಷೆಯಲ್ಲಿ ಅಲೆ ಪಡೆದವರಲ್ಲಿ ಶೇ. 54ರಷ್ಟು, ಸುಳ್ಳು ಅಲೆ ಪಡೆದವರಲ್ಲಿ ಶೇ. 37ರಷ್ಟು ಯಶಸ್ಸು ಕಂಡಿತು. ಈ ಸಲ ಅಲೆ ಗೆದ್ದಿತು. ಆದರೂ ಗಮನಿಸಬೇಕಾದ ಅಂಕಿ ಎರಡನೆಯದು. ಏನೂ ಕೊಡದೆಯೇ ನೂರರಲ್ಲಿ ಮೂವತ್ತರಿಂದ ನಲವತ್ತು ಜನಕ್ಕೆ ಗುಣವೆನ್ನಿಸುವ ಕಾಯಿಲೆಯಲ್ಲಿ, ‘ನನಗೆ ಗುಣವಾಯಿತು’ ಎನ್ನುವವರು ಎಲ್ಲ ಕ್ಲಿನಿಕ್ಕಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗುಣವಾದದ್ದು ಯಾತರಿಂದ ಎಂಬುದು ಮಾತ್ರ ಅವರಿಗೂ ಗೊತ್ತಿರುವುದಿಲ್ಲ.

ಕುದುರೆಯ ಸಾಕ್ಷಿ

ನಂಬಿಕೆಯ ಬಲದಿಂದ ಗುಣವಾಗದ ರೋಗಿ ಬೇಕೆಂದರೆ ಕುದುರೆ ಇದೆ. ಪಂದ್ಯದ ಕುದುರೆಗಳ ಕುಂಟಿಗೆ ಯುರೋಪಿನ ಪಶುವೈದ್ಯರು 1990ರ ದಶಕದ ಕೊನೆಯಿಂದಲೇ ಈ ಅಲೆ ಬಳಸುತ್ತಿದ್ದರು. ಸ್ಪರ್ಧೆಗೆ ಮುಂಚಿನ ಕೆಲವು ದಿನ ಕೊಡಕೂಡದೆಂದು ಕುದುರೆ ಕ್ರೀಡೆಯ ಸಂಸ್ಥೆಗಳು ನಿಯಮ ಮಾಡುವಷ್ಟು ಅದು ಹಬ್ಬಿತು. ಅಲೆ ಬಿದ್ದ ಕಾಲಿನ ನೋವು ಸ್ವಲ್ಪ ಕಾಲ ಮಂಕಾದರೆ ಕುದುರೆ ಪೆಟ್ಟಾದ ಕಾಲನ್ನೇ ಜೋರಾಗಿ ಊರಿ ಓಡುತ್ತದೆ, ಬಿದ್ದು ಸವಾರನನ್ನೂ ಕೆಡವುತ್ತದೆ ಎಂಬ ಹೆದರಿಕೆ ಆ ನಿಯಮದ ಹಿಂದಿದೆ.

ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಫ್ರಿಸ್ಬಿ ಮತ್ತು ಸಂಗಡಿಗರು 24 ಕುದುರೆಗಳ ಮುಂಗಾಲಿನ ಕೀಲಿನಲ್ಲಿ ಸವೆತ ಉಂಟುಮಾಡಿ, ಕೆಲವಕ್ಕೆ ಅಲೆ, ಕೆಲವಕ್ಕೆ ಔಷಧ, ಕೆಲವಕ್ಕೆ ಸುಳ್ಳು ಚಿಕಿತ್ಸೆ ಕೊಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುದುರೆಯವರು ಆಡುಮಾತಿನಲ್ಲಿ ಈ ಕೀಲನ್ನು ‘ನೀ’, ಅಂದರೆ ಮಂಡಿ, ಎನ್ನುತ್ತಾರೆ. ಅಂಗರಚನೆಯ ಪ್ರಕಾರ ಅದು ನಮ್ಮ ಮಣಿಕಟ್ಟಿಗೆ ಸಮ. ಅಲೆ ಪಡೆದ ಕುದುರೆಗಳ ಕುಂಟು ಕಡಿಮೆಯಾಯಿತು. ಆದರೆ ಕೀಲಿನ ಸವೆತದ ಗತಿಯೇ ಬದಲಾಗಿದೆ ಎನ್ನುವಂಥ ಗುರುತು ಸಿಗಲಿಲ್ಲ.

ಮಂಡಿಯ ಮಟ್ಟಿಗೆ ಈ ಎರಡು ವಾಕ್ಯಗಳನ್ನು ಒಟ್ಟಿಗೇ ಇಟ್ಟುಕೊಂಡು ಓದಬೇಕು. ಮೊದಲನೆಯದನ್ನಷ್ಟೇ ಓದಿದವರು ಇದು ಬರೀ ನಂಬಿಕೆಯ ಆಟವಲ್ಲ ಎಂದು ಹಿಗ್ಗುತ್ತಾರೆ, ಅದು ಸರಿ. ಎರಡನೆಯದನ್ನು ಬಿಟ್ಟವರು ನೋವು ಇಳಿದರೆ ಸವೆತವೂ ನಿಂತಿತು ಎಂದುಕೊಳ್ಳುತ್ತಾರೆ, ಅದು ತಪ್ಪು.

ಮಂಡಿಯ ಬಾಗಿಲಲ್ಲಿ

ಮನುಷ್ಯನ ಮಂಡಿಯಲ್ಲಿ ತೊಡೆಮೂಳೆ ಮತ್ತು ಕಣಕಾಲಿನ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ನರವಿಲ್ಲದ್ದರಿಂದ ಸವೆಯುವಾಗ ಅದು ಕೂಗುವುದಿಲ್ಲ. ರಕ್ತವಿಲ್ಲದ್ದರಿಂದ ಸವೆದದ್ದು ಸುಲಭವಾಗಿ ತುಂಬಿಕೊಳ್ಳುವುದಿಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲ ಸ್ನಾಯುಗಳಿಂದ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ಪೂರಾ ಸವೆದಂತೆ ಕಾಣುವ ಮಂಡಿಯಲ್ಲಿ ಕೆಲವರು ಬೆಟ್ಟ ಹತ್ತುತ್ತಾರೆ. ಅಷ್ಟೇನೂ ಕೆಟ್ಟಿರದ ಮಂಡಿಯಲ್ಲಿ ಕೆಲವರಿಗೆ ನೆಲಕ್ಕೆ ಕೂರಲಾಗುವುದಿಲ್ಲ.

ತೈವಾನಿನ ಕಾವೋಷಿಯುಂಗ್‌ನಲ್ಲಿ ಚಿಂಗ್‌ಜೆನ್ ವಾಂಗ್ ಅವರ ತಂಡ ಇಲಿಗಳ ಮಂಡಿಯ ತಂತುವನ್ನು ಕತ್ತರಿಸಿ ಸವೆತ ತರಿಸಿ, ಮೃದ್ವಸ್ಥಿಯ ಕೆಳಗಿನ ಮೂಳೆಗೆ ಅಲೆ ಕೊಟ್ಟಿತು. ಸವೆತ ಕಡಿಮೆಯಾಯಿತು ಎಂದು ಅವರ ಪ್ರಯೋಗಗಳು ತೋರಿಸಿದವು. ಇಲಿಯಲ್ಲಿ ಸಿಕ್ಕ ಈ ಭರವಸೆ ಕುದುರೆಯಲ್ಲಿ ಸಿಕ್ಕಿರಲಿಲ್ಲ. ಮನುಷ್ಯರ ಪರೀಕ್ಷೆಗಳಲ್ಲಿ ಹೆಚ್ಚು ಉಲ್ಲೇಖಿತವಾದದ್ದು 2013ರಲ್ಲಿ ಚೀನಾದಿಂದ ಬಂದದ್ದು. 70 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಮ್ಮೆ 4,000 ಹೊಡೆತದಂತೆ ನಾಲ್ಕು ವಾರ ಅಲೆ ಕೊಟ್ಟು, ಹನ್ನೆರಡು ವಾರದವರೆಗೆ ನೋಡಿದರು. ಅಲೆ ಪಡೆದವರ ನೋವು ಹೆಚ್ಚು ಇಳಿಯಿತು, ಓಡಾಟ ಸುಧಾರಿಸಿತು. ಆಮೇಲೆ ಇಂಥ ಸಣ್ಣ ಪರೀಕ್ಷೆಗಳು ಅನೇಕ ಬಂದಿವೆ, ಬಹುಪಾಲು ಅನುಕೂಲವಾಗಿಯೇ ಹೇಳಿವೆ. ಆದರೆ ಒಂದರಲ್ಲಿ ಬಳಸಿದ ಶಕ್ತಿ ಇನ್ನೊಂದರಲ್ಲಿಲ್ಲ, ಹೊಡೆತಗಳ ಲೆಕ್ಕ ಬೇರೆ, ಕಾದು ನೋಡಿದ್ದು ಕೆಲವೇ ತಿಂಗಳು. ಅಮೆರಿಕದ ಮೂಳೆತಜ್ಞರ ಅಕಾಡೆಮಿ 2021ರ ತನ್ನ ಮಾರ್ಗಸೂಚಿಯಲ್ಲಿ, ಮಂಡಿನೋವು ಇಳಿಸಲು ಇದನ್ನು ಬಳಸಬಹುದು ಎಂದಿತು. ಹಾಗೆನ್ನುತ್ತಲೇ ಆ ಮಾತಿನ ಬಲ ‘ಸೀಮಿತ’ ಎಂದೂ ಗುರುತು ಹಾಕಿತು.

ಮಂಡಿಯ ಚರಿತ್ರೆಯಲ್ಲಿ ಎಚ್ಚರಿಕೆಗೆ ಕಾರಣವಾದ ಹಳೆಯ ಪ್ರಕರಣವೊಂದಿದೆ. ಸವೆದ ಮಂಡಿಯೊಳಗೆ ದುರ್ಬೀನು ತೂರಿಸಿ ತೊಳೆದು, ಕೆರೆದು ಸ್ವಚ್ಛ ಮಾಡುವ ಆರ್ತ್ರೋಸ್ಕೊಪಿಯನ್ನು ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನ ಮಾಡಿಸಿಕೊಳ್ಳುತ್ತಿದ್ದರು. ಮಾಡಿಸಿಕೊಂಡವರು ನೋವು ಕಡಿಮೆಯಾಯಿತು ಎನ್ನುತ್ತಿದ್ದರು. ಹ್ಯೂಸ್ಟನ್‌ನ ಬ್ರೂಸ್ ಮೋಸ್ಲಿ 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆ ಮಾಡಿ, ಕೆಲವರಿಗೆ ಬರೀ ಚರ್ಮದ ಮೇಲೆ ಗಾಯ ಮಾಡಿ ಹೊಲಿದು ಕಳಿಸಿದರು. ಯಾರಿಗೆ ಯಾವುದು ಆಗುತ್ತದೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷದವರೆಗೂ ನಿಜವಾದದ್ದು ಸುಳ್ಳಿಗಿಂತ ಮೇಲೆನಿಸಲಿಲ್ಲ. 2002ರಲ್ಲಿ ಇದು ಪ್ರಕಟವಾದಾಗ ಮೂಳೆತಜ್ಞರ ಲೋಕದಲ್ಲಿ ದೊಡ್ಡ ಗದ್ದಲವೆದ್ದಿತು. ಮಂಡಿನೋವು ತಾನಾಗಿ ಏರಿಳಿಯುವ ನೋವು. ಅದು ತುದಿ ಮುಟ್ಟಿದಾಗಲೇ ನಾವು ಡಾಕ್ಟರ ಬಳಿ ಹೋಗುತ್ತೇವೆ, ಆಮೇಲೆ ಅದು ಇಳಿಯಲೇಬೇಕು. ಇಳಿದ ಕೀರ್ತಿ ಆ ಹೊತ್ತಿನಲ್ಲಿ ಯಾವುದಿತ್ತೋ ಅದಕ್ಕೆ ಹೋಗುತ್ತದೆ.

ಒಂದೇ ಹೆಸರು, ಎರಡು ಯಂತ್ರ

ಹೆಸರಿನ ಗೊಂದಲ ಇನ್ನೂ ಒಂದಿದೆ. ಮ್ಯೂನಿಕ್‌ನ ತೊಟ್ಟಿಯ ವಂಶದ ಯಂತ್ರಗಳನ್ನು ‘ಫೋಕಸ್ಡ್’ ಎನ್ನುತ್ತಾರೆ. ಅವು ಒತ್ತಡವನ್ನು ಒಳಗಿನ ಒಂದು ಬಿಂದುವಿಗೆ ಕೂಡಿಸುತ್ತವೆ, ಅಲ್ಲಿ ಒತ್ತಡ ವಾಯುಭಾರದ ನೂರಾರು ಪಟ್ಟಿರುತ್ತದೆ. 1990ರ ದಶಕದ ಕೊನೆಯಲ್ಲಿ ಬೇರೊಂದು ಬಗೆ ಬಂತು, ‘ರೇಡಿಯಲ್’. ಇದರಲ್ಲಿ ಒತ್ತಿದ ಗಾಳಿ ಪಿಸ್ತೂಲಿನಂಥ ಹಿಡಿಕೆಯೊಳಗಿನ ಲೋಹದ ತುಂಡೊಂದನ್ನು ಚಿಮ್ಮಿಸಿ ತುದಿಗೆ ಬಡಿಸುತ್ತದೆ. ಆ ಬಡಿತ ಚರ್ಮದಿಂದ ಒಳಕ್ಕೆ ಹರಡುತ್ತ, ಆಳಕ್ಕಿಳಿದಷ್ಟೂ ಸೋಲುತ್ತದೆ. ಒತ್ತಡ ಏರುವುದು ನಿಧಾನ, ಏರುವ ಎತ್ತರವೂ ಕಡಿಮೆ. ಭೌತಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದು ಆಘಾತ ತರಂಗವೇ ಅಲ್ಲ, ಒತ್ತಡದ ಅಲೆ. ಬೆಲೆ ಕಡಿಮೆ, ಮೇಜಿನ ಮೇಲಿಟ್ಟು ಬಳಸಬಹುದು. ಊರೂರಿನ ಫಿಸಿಯೊಥೆರಪಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ರೇಡಿಯಲ್ ಕೆಲಸಕ್ಕೆ ಬಾರದ್ದು ಎಂದೇನೂ ಅಲ್ಲ, ಅದರ ಪರವಾದ ಪರೀಕ್ಷೆಗಳೂ ಇವೆ. ಆದರೆ ಒಂದು ಯಂತ್ರದ ಪರೀಕ್ಷೆಯ ಫಲವನ್ನು ಇನ್ನೊಂದರ ಜಾಹೀರಾತಿನಲ್ಲಿ ಹಾಕುವಂತಿಲ್ಲ. ಬೋರ್ಡಿನ ಮೇಲೆ ಎರಡಕ್ಕೂ ಹೆಸರು ಒಂದೇ.

ಭಾರತದಲ್ಲಿ ಈ ಚಿಕಿತ್ಸೆಗೆ ಗಿರಾಕಿ ಸಿಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಪುಣೆಯ ಹತ್ತಿರದ ಭಿಗ್ವಣ ಎಂಬ ಊರಿನಲ್ಲಿ 1996ರಿಂದ ಡಾ. ಅರವಿಂದ ಚೋಪ್ರಾ ಅವರ ತಂಡ ನಡೆಸಿದ ಮನೆಮನೆ ಸಮೀಕ್ಷೆ, ಹಳ್ಳಿಗಾಡಿನಲ್ಲೂ ಮಂಡಿನೋವು ಎಷ್ಟು ಮಾಮೂಲು ಎಂಬುದನ್ನು ದಾಖಲಿಸಿದೆ. ನೋವಿನ ಮಾತ್ರೆ ಬಹಳ ಕಾಲ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕುತ್ತು. ಮಂಡಿ ಬದಲಾಯಿಸೋಣವೆಂದರೆ ಖರ್ಚು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿ, ಸಾಮಾನ್ಯ ಬಗೆಯದನ್ನು 54,720 ರೂಪಾಯಿಗೆ ಇಳಿಸಿತು. ಆದರೂ ಆಸ್ಪತ್ರೆಯ ಬಿಲ್ಲು, ಕೊಯ್ಯಿಸಿಕೊಳ್ಳುವ ಭಯ ಉಳಿದೇ ಇವೆ. ಮಾತ್ರೆಗೂ ಕತ್ತಿಗೂ ನಡುವಿನ ಆ ಹತ್ತು ಹದಿನೈದು ವರ್ಷ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವವರಿಗೆ, ಕೊಯ್ಯದೆ, ನುಂಗದೆ ನೋವು ಇಳಿಸುತ್ತೇವೆ ಎನ್ನುವ ಯಾವ ಮಾತೂ ಸಿಹಿಯಾಗಿಯೇ ಕೇಳುತ್ತದೆ.

ಅವರಿಗೆ ಈ ಚರಿತ್ರೆ ‘ಬೇಡ’ ಎಂದೇನೂ ಹೇಳುವುದಿಲ್ಲ. ಸರಿಯಾದ ಕೈಯಲ್ಲಿ ಅಪಾಯ ಕಡಿಮೆ. ಹೆಚ್ಚೆಂದರೆ ಕೊಂಚ ನೋವು, ಕೆಂಪು, ಕಂದುಗಟ್ಟುವುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಆ ಜಾಗದಲ್ಲಿ ಗೆಡ್ಡೆ ಅಥವಾ ಸೋಂಕು ಇರುವವರು ಮಾತ್ರ ಮೊದಲು ಡಾಕ್ಟರಿಗೆ ಹೇಳಬೇಕು. ನಾಲ್ಕಾರು ವಾರದ ಚಿಕಿತ್ಸೆಯಿಂದ ಕೆಲವು ತಿಂಗಳು ನೋವು ಇಳಿಯಬಹುದು ಎಂದು ಹೇಳುವವರು ಸಾಕ್ಷಿ ಇರುವಷ್ಟನ್ನೇ ಹೇಳುತ್ತಿದ್ದಾರೆ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ, ಆಪರೇಷನ್ ಬೇಕಾಗುವುದೇ ಇಲ್ಲ ಎಂದು ಹೇಳುವವರು ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಮಾರುತ್ತಿದ್ದಾರೆ. ಯಂತ್ರ ಫೋಕಸ್ಡೋ ರೇಡಿಯಲ್ಲೋ, ಎಷ್ಟು ಸಿಟ್ಟಿಂಗ್, ಆಮೇಲೂ ಗುಣ ಕಾಣದಿದ್ದರೆ ಏನು ಮಾಡುತ್ತೀರಿ ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಸಿಗಬೇಕು.

ನೋವು ಇಳಿದ ಆ ಕೆಲವು ತಿಂಗಳಲ್ಲಿ ಏನು ಮಾಡಬೇಕು ಎಂಬುದರ ಬಗ್ಗೆ ಮಾತ್ರ ಮಾರ್ಗಸೂಚಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ತೊಡೆಯ ಮುಂಭಾಗದ ಸ್ನಾಯುಗಳಿಗೆ ಬಲ ತರುವ ವ್ಯಾಯಾಮ, ನಡಿಗೆ, ತೂಕ ಹೆಚ್ಚಿದ್ದರೆ ಇಳಿಸುವುದು. ಇವುಗಳ ಹಿಂದೆ ಗುಂಡು, ವಿಮಾನ, ಕುದುರೆಗಳ ರೋಚಕ ಕತೆ ಇಲ್ಲ. ಮೂವತ್ತು ವರ್ಷಗಳ ಪರೀಕ್ಷೆಗಳ ಬಲ ಇದೆ. ಅಲೆಯಿಂದ ಸಿಕ್ಕ ಬಿಡುವಿನಲ್ಲಿ ತೊಡೆ ಗಟ್ಟಿಮಾಡಿಕೊಂಡವರಿಗೆ ಕೊಟ್ಟ ದುಡ್ಡು ಸಾರ್ಥಕವಾದೀತು. ಬರೀ ಬಿಡುವು ಕೊಂಡುಕೊಂಡವರು ಆ ತಿಂಗಳುಗಳು ಮುಗಿದ ಮೇಲೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಹೇಳಬೇಕಾಗುತ್ತದೆ.